ಹನುಸಂಧಿಯೂ ವಕ್ರದಂತಚಿಕಿತ್ಸೆಯೂ

ಬಾಲ್ಯವನ್ನು ಕಳೆದು ಪ್ರಾಯಕ್ಕೆ ಕಾಲಿಡುತ್ತಿರುವ ಮಕ್ಕಳ ಸೊಟ್ಟಹಲ್ಲುಗಳನ್ನು ತಂತಿ ಕಟ್ಟಿ ಸಾಲಿಗೆ ತರುವ ಚಿಕಿತ್ಸೆಯಿಂದ ಅವರ ದವಡೆಯ ಕೀಲಿಗೆ ಕೇಡುಂಟೇ ಇಲ್ಲವೇ ಎಂಬುದು ಇಲ್ಲಿ ವಿಚಾರಿಸತಕ್ಕ ವಿಷಯ. ಪ್ರಶ್ನೆಯು ಮೇಲುನೋಟಕ್ಕೆ ವೈದ್ಯರದೆಂದು ತೋರಿದರೂ ಅದು ವೈದ್ಯರ ಕೋಣೆಯಲ್ಲಿಯೇ ಉಳಿದಿಲ್ಲ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕು ಊರುಗಳೂ 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ಹೊಸ ಜಿಲ್ಲೆಗೆ ಸೇರಿದವು. ಬೆಂಗಳೂರು ಇಲ್ಲಿಗೆ ಹತ್ತಿರ. ಹಿಂದಿನ ತಲೆಮಾರಿನಲ್ಲಿ ಉಬ್ಬುಹಲ್ಲು ಹಣೆಯಬರಹವಾಗಿತ್ತು, ಹಲ್ಲುಬ್ಬ ಎಂಬ ಅಡ್ಡಹೆಸರು ಸಾಯುವವರೆಗೂ ಅಂಟಿಕೊಂಡಿರುತ್ತಿತ್ತು. ಈಗಲಾದರೋ ಹೈಸ್ಕೂಲಿನ ಮಕ್ಕಳ ಬಾಯಲ್ಲಿ ತಂತಿ ಮಿನುಗುವುದು ಅಪೂರ್ವವಲ್ಲ. ಜನರು ಇದನ್ನು ‘ಕ್ಲಿಪ್ಪು ಹಾಕಿಸುವುದು’ ಎನ್ನುತ್ತಾರೆ. ಗ್ರಂಥಭಾಷೆಯಲ್ಲಿ ಇದಕ್ಕೆ ವಕ್ರದಂತಚಿಕಿತ್ಸೆ ಎಂಬ ಹೆಸರು ನಿಂತಿದೆ.

ಈ ಚಿಕಿತ್ಸೆಯನ್ನು ಕುರಿತು ಪರಸ್ಪರ ವಿರುದ್ಧವಾದ ಎರಡು ಮಾತುಗಳು ಕೇಳಿಬರುತ್ತವೆ. ಕ್ಲಿಪ್ಪು ಹಾಕಿಸಿದರೆ ದವಡೆ ಸಡಿಲವಾಗುತ್ತದೆ, ಬಾಯಿ ತೆರೆದಾಗ ಕಿವಿಯ ಬಳಿ ಟಕ್ಕೆಂದು ಸದ್ದಾಗುವ ರೋಗ ಬರುತ್ತದೆ ಎಂಬುದು ಒಂದು. ಹಲ್ಲು ಸಾಲಾಗದಿದ್ದರೆ ಮುಂದೆ ದವಡೆಯ ಕೀಲು ಸವೆದುಹೋಗುತ್ತದೆ, ಆದಕಾರಣ ಈಗಲೇ ಚಿಕಿತ್ಸೆ ಮಾಡಿಸತಕ್ಕದ್ದು ಎಂಬುದು ಮತ್ತೊಂದು. ಮೊದಲನೆಯದನ್ನು ನಂಬಿದವರು ಒಂದೂವರೆ ಎರಡು ವರ್ಷ ನಡೆಯಬೇಕಾದ ಚಿಕಿತ್ಸೆಯನ್ನು ನಡುವೆಯೇ ಬಿಡುತ್ತಾರೆ. ಕಿತ್ತ ಹಲ್ಲಿನ ಸಂದು ಮುಚ್ಚದೆ, ಓರೆಯಾದ ಹಲ್ಲು ನೇರವಾಗದೆ, ಮಗುವಿನ ಬಾಯಿ ಮೊದಲಿಗಿಂತ ಹೀನಸ್ಥಿತಿಯಲ್ಲಿ ಉಳಿಯುತ್ತದೆ. ಎರಡನೆಯದನ್ನು ನಂಬಿದವರು, ಅಂದವೊಂದೇ ಆದರೆ ಬೇಡವೆನ್ನುತ್ತಿದ್ದವರು, ಕೀಲಿನ ಭಯಕ್ಕಾಗಿ ಸಾಲಮಾಡಿ ಹಣ ತೆರುತ್ತಾರೆ. ರೇಷ್ಮೆಗೂಡು ಬಿಚ್ಚಿ ದಿನದ ಕೂಲಿ ಕಾಣುವ ಶಿಡ್ಲಘಟ್ಟದ ಮನೆಗಳಲ್ಲಿ ಈ ಎರಡು ನಷ್ಟಗಳೂ ಅಲ್ಪವಲ್ಲ. ಆದುದರಿಂದ ಈ ಮಾತುಗಳ ಮೂಲವನ್ನೂ ಬೆಲೆಯನ್ನೂ ಪರೀಕ್ಷಿಸುವುದು ಯುಕ್ತ.

ಮೊದಲು ಶಬ್ದಗಳನ್ನು ನೋಡಬಹುದು. ದವಡೆ ಎಂಬುದು ಈ ಸೀಮೆಯಲ್ಲಿ ಕನ್ನಡದವರಿಗೂ ತೆಲುಗಿನವರಿಗೂ ಸಮಾನವಾದ ಮಾತು. ಗೌರಿಬಿದನೂರಿನ ಕನ್ನಡ ಮನೆಯ ದವಡೆಯು ಚಿಂತಾಮಣಿಯ ತೆಲುಗು ಮನೆಯಲ್ಲಿ ‘ದವಡ’ ಎಂದಾಗುವುದಷ್ಟೆ ವ್ಯತ್ಯಾಸ. ಸಂಸ್ಕೃತದಲ್ಲಿ ಅದು ಹನು. ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ದೇಹದ ಸಂಧಿಗಳನ್ನು ಎಂಟು ಬಗೆಯಾಗಿ ವಿಂಗಡಿಸುವಾಗ ಹನುವಿನ ಎರಡು ಪಕ್ಕದ ಸಂಧಿಗಳಿಗೆ ‘ವಾಯಸತುಂಡ’, ಎಂದರೆ ಕಾಗೆಯ ಕೊಕ್ಕು, ಎಂಬ ಹೆಸರನ್ನು ಕೊಟ್ಟಿದೆ. ಉಳಿದ ಏಳು ಬಗೆಗಳ ನಡುವೆ ಇದಕ್ಕೊಂದು ಪ್ರತ್ಯೇಕ ಬಗೆಯನ್ನೇ ಕಲ್ಪಿಸಿದ್ದು ಗಮನಾರ್ಹ. ಅದೇ ಗ್ರಂಥದ ಚಿಕಿತ್ಸಾಸ್ಥಾನದಲ್ಲಿ ತಪ್ಪಿದ ಹನುಸಂಧಿಗೆ ಶಾಖ ಕೊಟ್ಟು, ಮೂಳೆಯನ್ನು ಸ್ಥಾನಕ್ಕೆ ಕೂರಿಸಿ, ‘ಪಂಚಾಂಗೀ’ ಎಂಬ ಐದು ಕೈಗಳ ಕಟ್ಟನ್ನು ಕಟ್ಟುವ ಕ್ರಮವು ಹೇಳಲ್ಪಟ್ಟಿದೆ. ಪಾಶ್ಚಾತ್ಯ ವೈದ್ಯರು ಕೆಳದವಡೆಯ ತುದಿಗೆ ಇಟ್ಟ ಗ್ರೀಕ್ ಹೆಸರಿಗೆ ಬೆರಳಿನ ಗಿಣ್ಣು ಎಂದು ಅರ್ಥ. ಆದುದರಿಂದ ಕನ್ನಡದಲ್ಲಿ ಅದನ್ನು ದವಡೆಯ ಗಿಣ್ಣು ಎಂದರೆ ಮೂಲಾರ್ಥವೇ ಬಂದಂತಾಗುತ್ತದೆ. ಇಲ್ಲಿ ಮುಂದೆ ಹಾಗೆಯೇ ಬಳಸಿದೆ.

ಈ ಸಂಧಿಯ ರಚನೆಯು ಮೊಣಕೈ, ಮೊಣಕಾಲುಗಳ ರಚನೆಯಂತಲ್ಲ. ಕೆಳದವಡೆಯು ಒಂದೇ ಮೂಳೆ. ಆದರೆ ಅದಕ್ಕೆ ಎರಡು ಕೊನೆಗಳಲ್ಲಿ ಎರಡು ಗಿಣ್ಣುಗಳು, ಎರಡು ಕೀಲುಗಳು. ಒಂದು ಅಲುಗಿದರೆ ಮತ್ತೊಂದು ಸುಮ್ಮನಿರಲಾರದು. ಬಾಯಿ ತೆರೆಯುವ ಮೊದಲ ಭಾಗದಲ್ಲಿ, ಸುಮಾರು 20ರಿಂದ 25 ಮಿಲಿಮೀಟರಿನಷ್ಟು, ಗಿಣ್ಣು ಇದ್ದಲ್ಲಿಯೇ ಬಾಗಿಲಿನ ತಿರುಗಣಿಯಂತೆ ತಿರುಗುತ್ತದೆ. ಅಲ್ಲಿಂದ ಮುಂದೆ ಅದು ತನ್ನ ಗುಳಿಯನ್ನು ಬಿಟ್ಟು ಮುಂದಣ ಉಬ್ಬಿನ ಮೇಲೆ ಜಾರಿ ಬರುತ್ತದೆ. ಮುಂಗೈಯ ಮೂರು ಬೆರಳುಗಳನ್ನು ನಿಲುವಾಗಿ ಜೋಡಿಸಿ ಬಾಯೊಳಗೆ ಹಿಡಿಸುವಷ್ಟು ತೆರೆಯುವುದು ಸಹಜಸ್ಥಿತಿ. ಅಳತೆಯಲ್ಲಿ ಹೇಳುವುದಾದರೆ 40ರಿಂದ 50 ಮಿಲಿಮೀಟರು. ಕಿವಿಯ ಮುಂದೆ ಬೆರಳಿಟ್ಟುಕೊಂಡು ಆಕಳಿಸಿದರೆ ಈ ಜಾರಾಟವು ಯಾರ ಅರಿವಿಗೂ ಬರುತ್ತದೆ. ಗಿಣ್ಣಿಗೂ ಮೇಲಣ ಮೂಳೆಗೂ ನಡುವೆ ನಾರುಗಟ್ಟಿದ ಸಣ್ಣದೊಂದು ತಟ್ಟೆಯುಂಟು. ಜಾರುವಾಗ ಅದು ಗಿಣ್ಣಿನ ಮೇಲೆ ಟೋಪಿಯಂತೆ ಕುಳಿತು ಕೂಡ ಸಾಗಬೇಕು. ಅದು ಕೊಂಚ ಮುಂದಕ್ಕೆ ಸರಿದು ನಿಂತಿದ್ದರೆ, ಬಾಯಿ ತೆರೆಯುವಾಗ ಗಿಣ್ಣು ಅದರ ಅಂಚನ್ನು ದಾಟಿ ಅದರಡಿಗೆ ನುಗ್ಗುತ್ತದೆ. ಆ ದಾಟುವಿಕೆಯೇ ಟಕ್ಕೆಂಬ ಸದ್ದು. ಸದ್ದು ಕೇಳಿಸಿತೆಂದರೆ ಮೂಳೆ ಮುರಿಯಿತೆಂದಾಗಲಿ, ಸವೆಯಿತೆಂದಾಗಲಿ ಭಾವಿಸಬೇಕಾಗಿಲ್ಲ.

ಮತ್ತೊಂದು ವಿಶೇಷವು ವಯಸ್ಸಿಗೆ ಸಂಬಂಧಪಟ್ಟದ್ದು. ಗಿಣ್ಣಿನ ತಲೆಯ ಮೇಲಣ ಮೃದ್ವಸ್ಥಿಯು ಬೆಳೆವಣಿಗೆಯ ಸ್ಥಾನ. ಹೆಣ್ಣುಮಕ್ಕಳಲ್ಲಿ ಸುಮಾರು ಹನ್ನೆರಡನೆಯ ವರ್ಷದಲ್ಲಿ, ಗಂಡುಮಕ್ಕಳಲ್ಲಿ ಸುಮಾರು ಹದಿನಾಲ್ಕನೆಯ ವರ್ಷದಲ್ಲಿ ಮೈ ಬೆಳೆಯುವ ಭರವು ಶಿಖರವನ್ನು ಮುಟ್ಟುವಾಗ ದವಡೆಯೂ ಬೆಳೆಯುತ್ತದೆ. ತನಗೆ ಬಂದ ಒತ್ತಡಕ್ಕೆ ತಕ್ಕಂತೆ ಆಕಾರವನ್ನು ತಿದ್ದಿಕೊಳ್ಳುವ ಶಕ್ತಿ ಈ ಸಂಧಿಗೆ ಇತರ ಸಂಧಿಗಳಿಗಿಂತ ಹೆಚ್ಚು, ಬೆಳೆಯುವ ವಯಸ್ಸಿನಲ್ಲಂತೂ ಮತ್ತೂ ಹೆಚ್ಚು. ಹಲ್ಲುಗಳನ್ನು ತಿದ್ದಲು ಈ ವಯಸ್ಸನ್ನೇ ಆರಿಸಿಕೊಳ್ಳುವುದು ಇದೇ ಕಾರಣದಿಂದ. ಸಂದೇಹಗಳು ಹುಟ್ಟಿದ್ದೂ ಇದೇ ಕಾರಣದಿಂದ ಎನ್ನಬಹುದು.

ತಂತಿಯು ಹಲ್ಲನ್ನು ಹೇಗೆ ಸರಿಸುತ್ತದೆಂಬುದನ್ನು ತಿಳಿದರೆ ಭಯದ ಅರ್ಧಭಾಗವು ಕಳೆಯುತ್ತದೆ. ಹಲ್ಲಿನ ಬೇರಿಗೂ ಅದನ್ನು ಹಿಡಿದ ಮೂಳೆಗೂ ನಡುವೆ ತೆಳುವಾದ ನಾರುಪೊರೆಯೊಂದಿದೆ. ಹಗುರವಾದ ಬಲವು ಬಹುಕಾಲ ಒಂದೇ ಕಡೆಗೆ ಎಳೆದರೆ, ಒತ್ತಡ ಬಿದ್ದ ಪಕ್ಕದಲ್ಲಿ ಮೂಳೆ ಕರಗುತ್ತದೆ, ಬಿಗಿತ ಬಿದ್ದ ಪಕ್ಕದಲ್ಲಿ ಹೊಸ ಮೂಳೆ ಕಟ್ಟುತ್ತದೆ. ಹೀಗೆ ಹಲ್ಲು ತಿಂಗಳಿಗೆ ಸುಮಾರು ಒಂದು ಮಿಲಿಮೀಟರಿನಷ್ಟು ಸಾಗುತ್ತದೆ. ಇದಕ್ಕೆ ಬೇಕಾದ ಬಲವನ್ನು ತೂಗುವುದು ಗ್ರಾಮುಗಳಲ್ಲಿ. ರಾಗಿಮುದ್ದೆಯನ್ನು ನುಂಗುವವರು ಅಗಿಯುವ ಕಷ್ಟವನ್ನೇ ಪಡುವುದಿಲ್ಲವೆಂಬುದು ನಿಜವಾದರೂ, ಹುರಿಗಡಲೆಯನ್ನೋ ಕಬ್ಬನ್ನೋ ಅಗಿಯುವಾಗ ಬೀಳುವ ಬಲವನ್ನು ತೂಗುವುದು ಕಿಲೋಗ್ರಾಮುಗಳಲ್ಲಿ. ದಿನವೂ ಇಂತಹ ಬಲವನ್ನು ತಾಳುವ ಕೀಲನ್ನು ಹಲ್ಲಿನ ತಂತಿಯು ನೇರವಾಗಿ ಮುಟ್ಟುವುದೇ ಇಲ್ಲ. ಕೀಲಿನವರೆಗೆ ಹೋಗತಕ್ಕದ್ದು ಬೇರೆ: ಮೇಲಣ ಹಲ್ಲು ಕೆಳಗಣ ಹಲ್ಲುಗಳು ಕೂಡುವ ರೀತಿ ಬದಲಾಗುವುದರಿಂದ ಆಗುವ ಪರಿಣಾಮ, ಎರಡು ದವಡೆಗಳ ನಡುವೆ ಕಟ್ಟುವ ರಬ್ಬರು ಬಳೆಗಳ ಎಳೆತ, ಕೆಳದವಡೆಯನ್ನೇ ಮುಂದಕ್ಕೆ ಹಿಡಿಯುವ ಅಥವಾ ಗಲ್ಲವನ್ನು ಹಿಂದಕ್ಕೊತ್ತುವ ಉಪಕರಣಗಳು. ವಿವಾದವಿರುವುದು ಇಲ್ಲಿ.

ಆ ವಿವಾದದ ಚರಿತ್ರೆಯು 1934ಕ್ಕೆ ಹೋಗುತ್ತದೆ. ಅಮೆರಿಕದ ಸೇಂಟ್ ಲೂಯಿಸ್ ನಗರದ ಕಿವಿಮೂಗುಗಂಟಲಿನ ವೈದ್ಯ ಜೇಮ್ಸ್ ಕಾಸ್ಟೆನ್ ಎಂಬಾತನು ಆ ವರ್ಷ ಒಂದು ಲೇಖನವನ್ನು ಪ್ರಕಟಿಸಿದನು. ಹಿಂದಣ ಹಲ್ಲುಗಳು ಬಿದ್ದುಹೋದವರಲ್ಲಿ ದವಡೆಯ ಗಿಣ್ಣು ಹಿಂದಕ್ಕೆ ಒತ್ತಿಕೊಂಡು ನರಗಳನ್ನು ಅದುಮುತ್ತದೆ, ಅದರಿಂದ ಕಿವಿನೋವು, ಕಿವಿಯಲ್ಲಿ ಗುಂಯ್ಗುಟ್ಟುವಿಕೆ, ತಲೆಸುತ್ತು ಮೊದಲಾದವು ಬರುತ್ತವೆ ಎಂಬುದು ಅವನ ಮತ. ಹ್ಯಾರಿ ಸಿಖರ್ ಎಂಬ ಅಂಗರಚನಾಪಂಡಿತನು 1948ರಲ್ಲಿ, ಕಾಸ್ಟೆನ್ ಹೇಳಿದ ಸ್ಥಳದಲ್ಲಿ ಹಾಗೆ ನರ ಅದುಮಿಹೋಗಲು ಆಸ್ಪದವಿಲ್ಲವೆಂದು ತೋರಿಸಿದನು. ಆದರೆ ಮತವು ಅಳಿದರೂ ಅದರ ಬೇರು ಉಳಿಯಿತು. ಹಲ್ಲು ಕೂಡುವ ರೀತಿಯೇ ಕೀಲಿನ ಆರೋಗ್ಯಕ್ಕೆ ಮೂಲವೆಂಬ ನಂಬಿಕೆಯು ದಂತವೈದ್ಯರಲ್ಲಿ ಬಹುಕಾಲ ಬಾಳಿತು. ಇದಕ್ಕೂ ಮೊದಲೇ, 1899ರಲ್ಲಿ, ಎಡ್ವರ್ಡ್ ಆಂಗಲ್ ಎಂಬಾತನು ಹಲ್ಲುಗಳ ಕೂಡುವಿಕೆಯನ್ನು ಮೂರು ವರ್ಗಗಳಾಗಿ ವಿಭಾಗಿಸಿ ಆದರ್ಶಸ್ಥಿತಿಯೊಂದನ್ನು ಗೊತ್ತುಮಾಡಿದ್ದನು. ಆದರ್ಶವೊಂದಿದ್ದರೆ ಅದರಿಂದ ಕದಲಿದ್ದೆಲ್ಲ ರೋಗವೆಂದು ಎಣಿಸುವುದು ಮನುಷ್ಯಸ್ವಭಾವ. ಛಂದಶ್ಶಾಸ್ತ್ರದಲ್ಲಿಯೂ ಇದರ ಉದಾಹರಣೆ ದುರ್ಲಭವಲ್ಲ.

1987ರಲ್ಲಿ ಈ ವಾದವು ನ್ಯಾಯಾಲಯಕ್ಕೆ ಏರಿತು. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ, ಪ್ರಾಯದ ಆರಂಭದಲ್ಲಿ ಚಿಕಿತ್ಸೆ ಪಡೆದಿದ್ದ ಒಬ್ಬಾಕೆ ತನ್ನ ಕೀಲುನೋವಿಗೆ ಆ ಚಿಕಿತ್ಸೆಯೇ ಕಾರಣವೆಂದು ದಾವೆ ಹೂಡಿದಳು. ಮೇಲ್ದವಡೆಯ ಎರಡು ಹಲ್ಲುಗಳನ್ನು ಕಿತ್ತು, ತಲೆಗೆ ಪಟ್ಟಿ ಕಟ್ಟಿ ಮುಂದಣ ಹಲ್ಲುಗಳನ್ನು ಹಿಂದಕ್ಕೆಳೆದುದರಿಂದ ಅವು ಕೆಳದವಡೆಯನ್ನು ತಳ್ಳಿ ಗಿಣ್ಣನ್ನು ಗುಳಿಯ ಹಿಂಗೋಡೆಗೆ ಒತ್ತಿದುವು ಎಂಬುದು ವಾದಿಯ ಕಡೆಯ ತರ್ಕ. ಜ್ಯೂರಿಯು ಅದನ್ನು ಒಪ್ಪಿ ಎಂಟೂವರೆ ಲಕ್ಷ ಡಾಲರುಗಳ ಪರಿಹಾರವನ್ನು ಕೊಡಿಸಿತು. ಜ್ಯೂರಿಯ ತೀರ್ಪು ಸತ್ಯದ ತೀರ್ಪಲ್ಲ. ಆದರೂ ಆ ತೀರ್ಪಿನಿಂದ ಒಂದು ದೊಡ್ಡ ಉಪಕಾರವಾಯಿತು. ಅದುವರೆಗೆ ತಮ್ಮ ತಮ್ಮ ಅನುಭವವನ್ನೇ ಪ್ರಮಾಣವಾಗಿ ಹೇಳಿಕೊಳ್ಳುತ್ತಿದ್ದ ವಕ್ರದಂತವೈದ್ಯರು ಅಮೆರಿಕದ ತಮ್ಮ ಸಂಘದ ಮೂಲಕ ಹಣ ಒದಗಿಸಿ ಕ್ರಮವಾದ ಸಂಶೋಧನೆಗಳನ್ನು ನಡೆಯಿಸಿದರು.

ಆ ಸಂಶೋಧನೆಗಳಲ್ಲಿ ಪ್ರಕೃತಕ್ಕೆ ಬೇಕಾದ ಕೆಲವನ್ನು ಮಾತ್ರ ಇಲ್ಲಿ ಹೇಳಬಹುದು. ಹಲ್ಲು ಕಿತ್ತು ಚಿಕಿತ್ಸೆ ಮಾಡಿದವರ ಕೀಲುಗಳನ್ನೂ ಚಿಕಿತ್ಸೆಯೇ ಇಲ್ಲದವರ ಕೀಲುಗಳನ್ನೂ ಪದರಪದರವಾದ ಎಕ್ಸ್‌ರೇ ಚಿತ್ರಗಳಲ್ಲಿ ಅಳೆದು ನೋಡಿದ ಜಿಯಾನೆಲ್ಲಿ ಮತ್ತು ಸಂಗಡಿಗರು 1988ರಲ್ಲಿ, ಗಿಣ್ಣು ನಿಂತ ಸ್ಥಾನದಲ್ಲಿ ಭೇದವಿಲ್ಲವೆಂದು ಕಂಡರು. ಮಿಷಿಗನ್ನಿನ ತರ್ಕಕ್ಕೆ ಇದು ನೇರವಾದ ಉತ್ತರ. ಇದಕ್ಕೆ ಮೊದಲೇ, 1984ರಲ್ಲಿ, ಸಡೌಸ್ಕಿ ಮತ್ತು ಪೋಲ್ಸನ್ ಎಂಬವರು, ಚಿಕಿತ್ಸೆ ಮುಗಿದು ಹತ್ತು ವರ್ಷಗಳಿಗೂ ಮೇಲಾದವರನ್ನು ಅಂತಹವೇ ಸೊಟ್ಟಹಲ್ಲುಗಳಿದ್ದೂ ಚಿಕಿತ್ಸೆ ಪಡೆಯದ ವಯಸ್ಕರೊಡನೆ ಹೋಲಿಸಿ, ಕೀಲಿನ ತೊಂದರೆಯಲ್ಲಿ ಎರಡು ಗುಂಪುಗಳಿಗೂ ವ್ಯತ್ಯಾಸವಿಲ್ಲವೆಂದು ವರದಿ ಮಾಡಿದ್ದರು.

ಹಿಂದಿರುಗಿ ನೋಡುವುದಕ್ಕಿಂತ ಮುಂದೆ ಸಾಗುತ್ತ ನೋಡುವುದು ಶ್ರೇಷ್ಠ. ಇಂತಹ ದೀರ್ಘವ್ರತವನ್ನು ಕೈಕೊಂಡವರಲ್ಲಿ ಸ್ವೀಡನ್ನಿನವರೂ ವೇಲ್ಸಿನವರೂ ಮುಖ್ಯರು. ಸ್ವೀಡನ್ನಿನಲ್ಲಿ 7, 11 ಮತ್ತು 15 ವರ್ಷದ 402 ಮಕ್ಕಳನ್ನು ಪರೀಕ್ಷಿಸಿ ಇಪ್ಪತ್ತು ವರ್ಷಗಳ ತರುವಾಯ ಅವರನ್ನೇ ಮತ್ತೆ ಹುಡುಕಿ ವಿಚಾರಿಸಿದರು. ಕೀಲಿನ ಸದ್ದುಗಳೂ ಸಣ್ಣಪುಟ್ಟ ನೋವುಗಳೂ ಬರುತ್ತ ಹೋಗುತ್ತ ಇದ್ದುವೇ ಹೊರತು ಅವು ಕ್ರಮವಾಗಿ ಬಲಿತು ತೀವ್ರರೋಗವಾದದ್ದು ಅಪರೂಪವೆಂದು ತಿಳಿದುಬಂತು. ಬಾಲ್ಯದಲ್ಲಿ ವಕ್ರದಂತಚಿಕಿತ್ಸೆ ಪಡೆದಿದ್ದವರಿಗೆ ಅಪಾಯವು ಹೆಚ್ಚಿರಲಿಲ್ಲ. ವೇಲ್ಸಿನ ಕಾರ್ಡಿಫ್ ನಗರದಲ್ಲಿ 1981ರಲ್ಲಿ 11-12 ವರ್ಷದ 1018 ಮಕ್ಕಳಿಂದ ಆರಂಭಿಸಿ, ಅವರು 15-16, 19-20, 30-31 ವರ್ಷದವರಾದಾಗ ಮತ್ತೆ ಮತ್ತೆ ಪರೀಕ್ಷಿಸಿದರು. ಕೊನೆಯವರೆಗೆ ಉಳಿದವರು 337 ಜನ. ಮೂರರಲ್ಲಿ ಎರಡು ಪಾಲು ಜನ ಕೈಬಿಟ್ಟುಹೋದ ಅಧ್ಯಯನವನ್ನು ಎಚ್ಚರಿಕೆಯಿಂದ ಓದಬೇಕೆಂಬುದು ನಿಜ. ಆದರೂ ಇಷ್ಟು ದೀರ್ಘವಾದ ಬೇರೆ ಸಾಕ್ಷ್ಯಗಳು ವಿರಳ. 2009ರಲ್ಲಿ ಪ್ರಕಟವಾದ ಅದರ ನಿರ್ಣಯ ಇದು: ಚಿಕಿತ್ಸೆಯು ಕೀಲಿನ ರೋಗವನ್ನು ಉಂಟುಮಾಡುವುದೂ ಇಲ್ಲ, ತಡೆಯುವುದೂ ಇಲ್ಲ. ಮೂವತ್ತರ ಹರೆಯದಲ್ಲಿ ಯಾರಿಗೆ ತೊಂದರೆ ಬರಬಹುದೆಂಬುದನ್ನು ಸೂಚಿಸಿದ್ದು ಎರಡೇ ಸಂಗತಿಗಳು, ಹೆಣ್ಣಾಗಿರುವುದು ಮತ್ತು ಪ್ರಾಯದಲ್ಲಿಯೇ ತೊಂದರೆ ಕಾಣಿಸಿಕೊಂಡಿರುವುದು.

ಹಾಗಾದರೆ ಕ್ಲಿಪ್ಪು ಹಾಕಿಸಿದ ಮೇಲೆ ಸದ್ದು ಆರಂಭವಾಯಿತೆಂದು ಹೇಳುವ ತಾಯಂದಿರು ಸುಳ್ಳು ಹೇಳುತ್ತಿರುವರೇ? ಖಂಡಿತ ಇಲ್ಲ. ಅವರು ಕಂಡದ್ದು ನಿಜ, ಊಹಿಸಿದ ಕಾರಣ ಮಾತ್ರ ಸಂದಿಗ್ಧ. ಕಾಗೆ ಬಂದು ಕುಳಿತಾಗಲೇ ತಾಳೆಯ ಹಣ್ಣು ಬಿತ್ತೆಂಬ ನ್ಯಾಯವು ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ. ಚಿಕಿತ್ಸೆಯಿಲ್ಲದ ಮಕ್ಕಳಲ್ಲಿಯೂ ಕೀಲಿನ ಸದ್ದು ಮತ್ತು ನೋವುಗಳು ಏಳನೆಯ ವರ್ಷಕ್ಕಿಂತ ಹನ್ನೊಂದರಲ್ಲಿ, ಹನ್ನೊಂದಕ್ಕಿಂತ ಹದಿನೈದರಲ್ಲಿ ಹೆಚ್ಚು. ಹೆಣ್ಣುಮಕ್ಕಳಲ್ಲಿ ಮೈನೆರೆಯುವ ಕಾಲಕ್ಕೆ ನೋವು ಹೆಚ್ಚುವುದು ಬೇರೆಯಾಗಿಯೇ ಗೊತ್ತಾಗಿದೆ. ತಂತಿಯನ್ನು ಕಟ್ಟುವುದೂ ಹನ್ನೆರಡರಿಂದ ಹದಿನಾರರವರೆಗಿನ ಇದೇ ವಯಸ್ಸಿನಲ್ಲಿ. ಇದರ ಮೇಲೆ ಪರೀಕ್ಷೆಯ ಚಿಂತೆ, ನಿದ್ರೆಗೇಡು, ಹಲ್ಲುಕಡಿತ ಇವೂ ಕೂಡುತ್ತವೆ. ಎರಡು ಗಾಲಿಗಳು ಒಂದೇ ರಸ್ತೆಯಲ್ಲಿ ಉರುಳಿದರೆ ಒಂದನ್ನೊಂದು ಎಳೆಯುತ್ತಿದೆಯೆಂದು ಹೇಳಲಾಗದು. ಮತ್ತೂ ಒಂದು ಮಾತುಂಟು: ಬಾಯಲ್ಲಿ ತಂತಿಯಿರುವ ಮಗುವು ತನ್ನ ದವಡೆಯನ್ನು ಗಮನಿಸುವಷ್ಟು ಬೇರೆ ಮಗು ಗಮನಿಸುವುದಿಲ್ಲ. ತಿಂಗಳಿಗೊಮ್ಮೆ ಬಾಯಿ ನೋಡಿಸಿಕೊಳ್ಳುವವನಿಗೆ ಹಳೆಯ ಸದ್ದೂ ಹೊಸದಾಗಿ ಕೇಳಿಸುತ್ತದೆ.

ಕೆಳದವಡೆಯನ್ನೇ ಮುಂದಕ್ಕೆ ಹಿಡಿಯುವ ಉಪಕರಣಗಳನ್ನು ಪ್ರತ್ಯೇಕವಾಗಿ ವಿಚಾರಿಸಬೇಕು. ಏಕೆಂದರೆ ಅವುಗಳ ಬಲವು ಕೀಲಿಗೆ ನಿಜವಾಗಿಯೂ ತಲಪುತ್ತದೆ. ಜರ್ಮನಿಯ ಎಮಿಲ್ ಹರ್ಬ್ಸ್ಟ್ ಇಪ್ಪತ್ತನೆಯ ಶತಮಾನದ ಮೊದಲಲ್ಲಿಯೇ ಇಂತಹ ಒಂದು ಯಂತ್ರವನ್ನು ಮಾಡಿದ್ದನು. ಅದು ಮರೆತುಹೋಗಿ, 1979ರಲ್ಲಿ ಸ್ವೀಡನ್ನಿನ ಹನ್ಸ್ ಪಾನ್‌ಖರ್ಜ್ ಎಂಬಾತನಿಂದ ಮತ್ತೆ ಬಳಕೆಗೆ ಬಂತು. ಸ್ಕಾಟ್ಲೆಂಡಿನ ವಿಲಿಯಂ ಕ್ಲಾರ್ಕ್ 1977ರಲ್ಲಿ ರಚಿಸಿದ ‘ಟ್ವಿನ್ ಬ್ಲಾಕ್’ ಎಂಬ ತೆಗೆದು ಹಾಕಬಹುದಾದ ಜೋಡಿತುಂಡು ನಮ್ಮ ದೇಶದಲ್ಲಿಯೂ ಸಾಮಾನ್ಯ. ಕಿರಿದವಡೆಯ ಮಗುವಿನ ದವಡೆಯನ್ನು ಮುಂದಿಟ್ಟರೆ ಗಿಣ್ಣು ಉದ್ದ ಬೆಳೆದು ದವಡೆ ಹಿಗ್ಗುತ್ತದೆಂಬ ಆಶೆಯು ಸ್ಟ್ರಾಸ್‌ಬೂರ್ಗಿನಲ್ಲಿ ಪೆಟ್ರೋವಿಕ್ ಎಂಬಾತನು ಇಲಿಗಳ ಮೇಲೆ ಮಾಡಿದ ಪ್ರಯೋಗಗಳಿಂದಲೂ, ಅಮೆರಿಕದಲ್ಲಿ ಮ್ಯಾಕ್‌ನಮಾರ ಎಂಬಾತನು ಕೋತಿಗಳ ಮೇಲೆ ಮಾಡಿದ ಪ್ರಯೋಗಗಳಿಂದಲೂ ಬಲಗೊಂಡಿತು. ಮನುಷ್ಯರಲ್ಲಿ ಅದು ಅಷ್ಟಾಗಿ ಫಲಿಸಲಿಲ್ಲ. 8ರಿಂದ 10 ವರ್ಷದ 174 ಮಕ್ಕಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಬ್ರಿಟನ್ನಿನ ಓಬ್ರಿಯನ್ ಮೊದಲಾದವರು ನಡೆಸಿದ, 2003ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಉಬ್ಬುಹಲ್ಲು ಹಿಂದೆ ಬಂದದ್ದು ಬಹುಮಟ್ಟಿಗೆ ಹಲ್ಲುಗಳ ಸರಿತದಿಂದಲೇ. ಮೂಳೆಯ ಬೆಳೆವಣಿಗೆಯ ಪಾಲು ತೀರ ಸಣ್ಣದಾಗಿತ್ತು. ಕೀಲಿನ ಮಟ್ಟಿಗೆ ನೋಡಿದರೆ, ರೂಫ್ ಮತ್ತು ಪಾನ್‌ಖರ್ಜ್ ಇವರು ಕಾಂತಚಿತ್ರಗಳಿಂದ ಪರೀಕ್ಷಿಸಿದಾಗ ಗಿಣ್ಣೂ ಗುಳಿಯೂ ಹೊಸ ಸ್ಥಿತಿಗೆ ಹೊಂದಿಕೊಂಡು ತಿದ್ದಿಕೊಂಡಿದ್ದುವು. ಮೊದಲು ಸರಿಯಾಗಿದ್ದ ತಟ್ಟೆಯು ಚಿಕಿತ್ಸೆಯಿಂದ ಸ್ಥಾನ ತಪ್ಪಿದಂತೆ ಕಾಣಲಿಲ್ಲ. ಹೀಗಾಗಿ ಈ ಉಪಕರಣಗಳು ಅಂಜಿದಷ್ಟು ಕೇಡನ್ನೂ ಮಾಡುವುದಿಲ್ಲ, ಮಾರುವವರು ಹೇಳುವಷ್ಟು ಬೆಳೆವಣಿಗೆಯನ್ನೂ ಕೊಡುವುದಿಲ್ಲ.

ಕೀಲಿನ ನೋವನ್ನು ಗುಣಪಡಿಸುವುದಕ್ಕಾಗಿಯೇ ತಂತಿ ಕಟ್ಟಿಸಿಕೊಳ್ಳಬೇಕೆಂಬ ಉಪದೇಶಕ್ಕೆ ಆಧಾರವು ಇನ್ನೂ ಕಡಿಮೆ. ಪ್ರಪಂಚದ ಚಿಕಿತ್ಸಾಪರೀಕ್ಷೆಗಳನ್ನು ಕಲೆಹಾಕಿ ತೂಗಿನೋಡುವ ಕಾಕ್ರೇನ್ ಸಂಸ್ಥೆಯ 2010ರ ಸಮೀಕ್ಷೆಯು, ಹಾಗೆ ಹೇಳಲು ಸಾಕಷ್ಟು ಪ್ರಮಾಣವಿಲ್ಲವೆಂದು ತೀರ್ಮಾನಿಸಿತು. ಅದೇ ವರ್ಷ ಅಮೆರಿಕದ ದಂತಸಂಶೋಧನಾ ಸಂಘವು, ಇಂತಹ ನೋವಿಗೆ ಮೊದಲು ಮಾಡತಕ್ಕದ್ದು ಹಿಂದಿರುಗಿಸಬಹುದಾದ ಸೌಮ್ಯ ಚಿಕಿತ್ಸೆಯೆಂದು ಹೇಳಿತು. ಮೆತ್ತನೆಯ ಆಹಾರ, ಬಿಸಿಶಾಖ, ದವಡೆಗೆ ವಿಶ್ರಾಂತಿ, ಸರಳವಾದ ವ್ಯಾಯಾಮ ಇವುಗಳಿಂದಲೇ ಬಹುಪಾಲು ನೋವುಗಳು ಶಮನವಾಗುತ್ತವೆ. ಶಾಖದ ಮಾತು ಸುಶ್ರುತನಲ್ಲಿಯೂ ಬಂದಿದ್ದನ್ನು ಮೇಲೆ ನೋಡಿದೆವಾದರೂ ಆತನು ಹೇಳಿದ್ದು ತಪ್ಪಿದ ಸಂಧಿಯನ್ನು ಕೂರಿಸುವ ಸಂದರ್ಭದಲ್ಲಿ. ಎರಡನ್ನೂ ಒಂದೆಂದು ಹಿಗ್ಗುವುದು ಸಲ್ಲದು. ನೋವಿಲ್ಲದೆ, ಬಾಯಿ ತೆರೆಯುವುದಕ್ಕೆ ಅಡ್ಡಿಯಿಲ್ಲದೆ, ಬರಿಯ ಸದ್ದು ಮಾತ್ರವಿದ್ದರೆ ಅದಕ್ಕೆ ಯಾವ ಚಿಕಿತ್ಸೆಯೂ ಬೇಕಿಲ್ಲ.

ಇಷ್ಟರಿಂದ ಮಕ್ಕಳ ಹನುಸಂಧಿಗೆ ಅಪಾಯವೇ ಇಲ್ಲವೆಂದು ತಿಳಿಯಬಾರದು. ಅಪಾಯವುಂಟು, ಆದರೆ ಅದು ಬರುವ ದಾರಿ ಬೇರೆ. ಮಗು ಮೆಟ್ಟಿಲಿನಿಂದಲೋ ಮರದಿಂದಲೋ ಸೈಕಲ್ಲಿನಿಂದಲೋ ಗಲ್ಲದ ಮೇಲೆ ಬಿದ್ದಾಗ, ಪೆಟ್ಟು ಗಲ್ಲದಿಂದ ಮೇಲೇರಿ ಗಿಣ್ಣಿನ ಕತ್ತನ್ನು ಮುರಿಯಬಲ್ಲುದು. ಗಲ್ಲದ ಗಾಯಕ್ಕೆ ಹೊಲಿಗೆ ಬೀಳುತ್ತದೆ, ಗಾಯ ಮಾಯುತ್ತದೆ. ಒಳಗೆ ಮುರಿದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಕೀಲಿನೊಳಗೆ ರಕ್ತ ಹೆಪ್ಪುಗಟ್ಟಿ ಅದು ಮೂಳೆಯಾಗಿ ಬೆಸೆದುಕೊಂಡರೆ ಬಾಯಿ ತಿಂಗಳು ತಿಂಗಳಿಗೆ ಕಿರಿದಾಗುತ್ತ ಬರುತ್ತದೆ. ಆ ಪಕ್ಕದ ಬೆಳೆವಣಿಗೆ ನಿಂತು, ಮಗು ದೊಡ್ಡದಾದಂತೆ ಗಲ್ಲವು ಪೆಟ್ಟುಬಿದ್ದ ಪಕ್ಕಕ್ಕೆ ವಾಲುತ್ತದೆ. ಕಿಷ್ಕಿಂಧಾಕಾಂಡದಲ್ಲಿ ಜಾಂಬವಂತನು ಆಂಜನೇಯನಿಗೆ ಅವನ ಬಾಲ್ಯವನ್ನು ನೆನಪುಮಾಡಿಕೊಡುವಾಗ, ವಜ್ರದ ಪೆಟ್ಟಿಗೆ ಪರ್ವತಶಿಖರದ ಮೇಲೆ ಬಿದ್ದು ಎಡದ ಹನು ಮುರಿದುದರಿಂದಲೇ ಹನುಮಂತನೆಂಬ ಹೆಸರು ಬಂತೆಂದು ಹೇಳುತ್ತಾನೆ. ಬಾಲ್ಯದಲ್ಲಿ ಬಿದ್ದು ದವಡೆ ಮುರಿದುಕೊಳ್ಳುವ ಸಂಗತಿಗೆ ಇದಕ್ಕಿಂತ ಪ್ರಸಿದ್ಧವಾದ ನಿದರ್ಶನವಿಲ್ಲ. ಆತನಿಗೆ ಸಮುದ್ರ ಲಂಘಿಸುವುದಕ್ಕೆ ಅದರಿಂದ ಅಡ್ಡಿಯಾಗಲಿಲ್ಲವೆಂಬುದು ಬೇರೆ ಮಾತು. ಮಕ್ಕಳಿಗೆ ಬರುವ ಸಂಧಿವಾತವೂ ಹನುಸಂಧಿಯನ್ನು ಸದ್ದಿಲ್ಲದೆ ಕೆಡಿಸುತ್ತದೆ. ಪ್ರಾಯದ ಹೆಣ್ಣುಮಕ್ಕಳಲ್ಲಿ, ವಿರಳವಾಗಿ, ಗಿಣ್ಣು ತಾನಾಗಿಯೇ ಕರಗುತ್ತ ಹೋಗಿ ಗಲ್ಲವು ಹಿಂದಕ್ಕೆ ಸರಿಯುವುದುಂಟು. ಇಂತಹವುಗಳನ್ನು ತಂತಿ ಕಟ್ಟುವ ಮೊದಲೇ ಗುರುತಿಸದಿದ್ದರೆ, ರೋಗದ ನಡೆಯೆಲ್ಲ ಚಿಕಿತ್ಸೆಯ ತಲೆಯ ಮೇಲೆ ಬೀಳುತ್ತದೆ.

ಈ ನಾಲ್ಕು ಊರುಗಳ ಮಟ್ಟಿಗಾದರೋ, ವಕ್ರದಂತಚಿಕಿತ್ಸೆಯ ನಿಜವಾದ ತೊಡಕು ಕೀಲಿನಲ್ಲಿಲ್ಲ, ನೀರಿನಲ್ಲಿದೆ. ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ನಂದಿಬೆಟ್ಟದ ಆಸುಪಾಸಿನಲ್ಲಿ ಹುಟ್ಟುವ ಉತ್ತರ ಪಿನಾಕಿನಿಯೂ ಮಳೆಗಾಲದ ಹೊಳೆ. ಕೆರೆಗಳು ಬತ್ತಿದಂತೆಲ್ಲ ಕೊಳವೆಬಾವಿಗಳು ಸಾವಿರ ಅಡಿಗೂ ಮಿಕ್ಕ ಆಳಕ್ಕೆ ಇಳಿದುವು. ಗ್ರಾನೈಟು ಮತ್ತು ನೈಸ್ ಶಿಲೆಗಳ ಬಿರುಕಿನಲ್ಲಿ ಬಹುಕಾಲ ನಿಂತ ನೀರು ಕಲ್ಲಿನಿಂದ ಫ್ಲೋರೈಡನ್ನು ಹೀರಿಕೊಂಡು ಬರುತ್ತದೆ. ಲೀಟರಿಗೆ 1 ಮಿಲಿಗ್ರಾಮು ಒಪ್ಪತಕ್ಕದ್ದು, ಬೇರೆ ನೀರಿಲ್ಲದಿದ್ದಲ್ಲಿ 1.5ರವರೆಗೆ ಸಹಿಸತಕ್ಕದ್ದು ಎಂದು ಭಾರತೀಯ ಮಾನಕವು ಗೊತ್ತುಮಾಡಿದೆ; ಇಲ್ಲಿಯ ಅನೇಕ ಬಾವಿಗಳಲ್ಲಿ ಅದು ಮೀರಿದೆ. ಭಾರತದಲ್ಲಿ ಈ ಪಿಡುಗನ್ನು ಮೊದಲು ವರ್ಣಿಸಿದ್ದು 1937ರಲ್ಲಿ, ಆಗಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ. ಉತ್ತರ ಪಿನಾಕಿನಿಯು ಕಡಲು ಸೇರುವುದೂ ಅದೇ ಜಿಲ್ಲೆಯಲ್ಲಿ ಎಂಬುದು ಕೇವಲ ಕಾಕತಾಳೀಯ.

ಫ್ಲೋರೈಡಿನ ಕಲೆಯು ಹಲ್ಲಿಗೆ ಹೊರಗಿನಿಂದ ಹತ್ತುವುದಲ್ಲ. ಶಾಶ್ವತವಾದ ಹಲ್ಲುಗಳ ಎನಾಮಲ್ಲು ಒಸಡಿನೊಳಗೆ ಕಟ್ಟುತ್ತಿರುವ ಕಾಲದಲ್ಲಿ, ಎಂದರೆ ಹುಟ್ಟಿದ್ದು ಮೊದಲ್ಗೊಂಡು ಸುಮಾರು ಎಂಟನೆಯ ವರ್ಷದವರೆಗೆ, ಮಗು ಕುಡಿದ ನೀರೇ ಹಲ್ಲಿನ ಮೇಲೆ ಬಿಳಿಯ ಗೆರೆಯಾಗಿ, ಕಂದು ಮಚ್ಚೆಯಾಗಿ, ಗುಳಿಯಾಗಿ ಮೂಡುತ್ತದೆ. ಆಮೇಲೆ ಎಷ್ಟು ಶುದ್ಧವಾದ ನೀರು ಕುಡಿಸಿದರೂ ಅದು ಹೋಗುವುದಿಲ್ಲ. ಇಂತಹ ಎನಾಮಲ್ಲಿನ ಹೊರಪದರವು ಆಮ್ಲಕ್ಕೆ ಸುಲಭವಾಗಿ ಸೋಲುವುದಿಲ್ಲ; ಅದರಡಿಯ ಪದರವು ಮಾತ್ರ ಟೊಳ್ಳು. ಬ್ರಾಕೆಟ್ಟನ್ನು ಹಲ್ಲಿಗೆ ಅಂಟಿಸುವ ಕ್ರಮವೋ, ಫಾಸ್ಫಾರಿಕ್ ಆಮ್ಲದಿಂದ ಎನಾಮಲ್ಲನ್ನು ಸೂಕ್ಷ್ಮವಾಗಿ ಕೊರೆದು ಆ ರಂಧ್ರಗಳೊಳಕ್ಕೆ ಅಂಟನ್ನು ಇಳಿಸುವುದು. ಆಮ್ಲವು ಕೊರೆಯದಿದ್ದರೆ ಅಂಟು ಹಿಡಿಯದು. ಬ್ರಾಕೆಟ್ಟು ಮತ್ತೆ ಮತ್ತೆ ಕಿತ್ತುಬರುತ್ತದೆ. ಒಂದೊಂದು ಸಲಕ್ಕೂ ಬೆಂಗಳೂರಿಗೆ ಒಂದೊಂದು ಪ್ರಯಾಣ, ಚಿಕಿತ್ಸೆಗೆ ಒಂದಷ್ಟು ತಿಂಗಳ ವಿಳಂಬ. ಗಟ್ಟಿಯಾಗಿ ಅಂಟಿಸಿದರೆ, ಕೊನೆಗೆ ಬಿಚ್ಚುವಾಗ ಟೊಳ್ಳಾದ ಎನಾಮಲ್ಲೇ ಅದರೊಡನೆ ಚಕ್ಕೆಯಾಗಿ ಏಳುವ ಭಯ. ಆಮ್ಲವನ್ನು ಹೆಚ್ಚು ಹೊತ್ತು ಇಡುವುದು, ಮೇಲ್ಪದರವನ್ನು ಮೊದಲು ನವುರಾಗಿ ಉಜ್ಜಿ ತೆಗೆಯುವುದು, ಹಿಂದಣ ಹಲ್ಲುಗಳಿಗೆ ಅಂಟಿಸುವ ಬದಲು ಉಕ್ಕಿನ ಬಳೆ ತೊಡಿಸುವುದು ಇವೇ ಉಪಾಯಗಳು. ಇವು ಎಲ್ಲ ಊರಿನ ವೈದ್ಯರಿಗೂ ತಿಳಿದದ್ದೇ. ಆದರೆ ಈ ಸೀಮೆಯ ಮಗುವಿನಲ್ಲಿ ಇವನ್ನು ಮೊದಲನೆಯ ದಿನವೇ ಯೋಚಿಸಬೇಕು.

ಫ್ಲೋರೈಡು ಮೂಳೆಗಳನ್ನೂ ಕೀಲುಗಳನ್ನೂ ಬಿಗಿಯುವುದೆಂಬ ಮಾತು ಕೇಳಿದವರು, ದವಡೆಯ ಸದ್ದಿಗೂ ನೀರೇ ಕಾರಣವಿರಬಹುದೆಂದು ಶಂಕಿಸುತ್ತಾರೆ. ಮೂಳೆಯ ಫ್ಲೋರೋಸಿಸ್ ವರ್ಷಾನುವರ್ಷ ಅಧಿಕವಾಗಿ ಸೇವಿಸಿದವರಿಗೆ ಬರತಕ್ಕದ್ದು. ಅದು ಮುಖ್ಯವಾಗಿ ಹಿಡಿಯುವುದು ಬೆನ್ನೆಲುಬನ್ನೂ ದೊಡ್ಡ ಕೀಲುಗಳನ್ನೂ. ಹದಿಮೂರರ ಹುಡುಗಿಯ ಕಿವಿಯ ಬಳಿಯ ಟಕ್ಕೆಂಬ ಸದ್ದಿಗೆ ಅದನ್ನು ತರುವುದು, ತಂತಿಯ ಮೇಲಣ ಅಪವಾದವನ್ನು ಕೊಳವೆಬಾವಿಯ ಮೇಲೆ ಹೊರಿಸಿದಂತೆ ಆಗುತ್ತದೆ.

ಆದಕಾರಣ ಚಿಕಿತ್ಸೆಗೆ ಮೊದಲು ಕೇಳಬೇಕಾದ ಪ್ರಶ್ನೆಗಳು ಕೆಲವೇ. ಬಾಯಿಯು ಮೂರು ಬೆರಳು ಹಿಡಿಸುವಷ್ಟು, ನೇರವಾಗಿ, ನೋವಿಲ್ಲದೆ ತೆರೆಯುತ್ತದೆಯೇ? ಈಗಾಗಲೇ ಸದ್ದಿದೆಯೇ? ಇದ್ದರೆ ಅದನ್ನು ಬರೆದಿಟ್ಟು ತಂದೆತಾಯಿಗಳಿಗೆ ತೋರಿಸಿ ಮುಂದುವರಿಯಬಹುದು. ಗಲ್ಲದಡಿಯಲ್ಲಿ ಹಳೆಯ ಗಾಯದ ಗೆರೆಯಿದೆಯೇ? ಬೆಳಗಿನ ಹೊತ್ತು ಬೇರೆ ಕೀಲುಗಳು ಬಿಗಿಯುತ್ತವೆಯೇ? ಚಿಕಿತ್ಸೆಯ ನಡುವೆ ನೋವು ಬಂದರೆ ತಂತಿಯನ್ನು ಬಿಚ್ಚಿಸಬೇಕಾಗಿಲ್ಲ. ರಬ್ಬರು ಬಳೆಗಳ ಎಳೆತವನ್ನು ನಿಲ್ಲಿಸಿ, ನೋವು ಇಳಿದ ಮೇಲೆ ಮುಂದುವರಿಸುವುದು ವಾಡಿಕೆ. ಇವೆಲ್ಲಕ್ಕಿಂತ ಮೊದಲು, ಆ ಮಗುವು ಎಂಟು ವರ್ಷ ತುಂಬುವವರೆಗೆ ಯಾವ ಊರಿನಲ್ಲಿ ಬೆಳೆಯಿತು, ಅಲ್ಲಿ ಕುಡಿದದ್ದು ಕೆರೆಯ ನೀರೋ, ಕೊಳವೆಬಾವಿಯ ನೀರೋ, ಶುದ್ಧೀಕರಣ ಘಟಕದ ನೀರೋ ಎಂಬುದನ್ನು ತಾಯಿಯ ಬಾಯಿಂದ ಕೇಳಿ ಬರೆದುಕೊಳ್ಳಬೇಕು.